ಎರಡು ಕೋಕ್ ಕೊಂಡರೆ ಎರಡು ಟಿಕೆಟ್: ಸೋಲುವ ಕಾಲೇಜು ತಂಡದ ಪಂದ್ಯಕ್ಕೆ ಬೆಲೆ ಕಟ್ಟುವುದು ಹೇಗೆ?

2014ರ ಸೆಪ್ಟೆಂಬರ್ ಕೊನೆಯ ವಾರ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಒಂದು ಆಫರ್ ಹಾಕಿದ್ದರು. ಎರಡು ಬಾಟಲಿ ಕೋಕ್ ತಗೊಂಡರೆ ಆ ಶನಿವಾರ ಮಿನೆಸೋಟ ವಿರುದ್ಧ ನಡೆಯುವ ಫುಟ್‌ಬಾಲ್ ಪಂದ್ಯಕ್ಕೆ ಎರಡು ಟಿಕೆಟ್ ಫ್ರೀ. ಎರಡು ಬಾಟಲಿಗೆ ಆಗುತ್ತಿದ್ದದ್ದು ಮೂರು ಡಾಲರ್ ಆಸುಪಾಸು. ಅದೇ ಕ್ಯಾಂಪಸ್ಸಿನ ವಿದ್ಯಾರ್ಥಿಗಳು ಆ ವರ್ಷದ ಸೀಸನ್ ಟಿಕೆಟ್‌ಗೆ ಮುಂಚೆಯೇ 280 ಡಾಲರ್ ಕಟ್ಟಿದ್ದರು. ಏಳು ಪಂದ್ಯ, ಅಂದರೆ ಪಂದ್ಯಕ್ಕೆ 40 ಡಾಲರ್.

ಸುದ್ದಿ ಇಂಟರ್ನೆಟ್ಟಿನಲ್ಲಿ ಹರಡಿದ ಕೂಡಲೇ ಆ ಆಫರ್ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. 40 ಡಾಲರ್ ಕೊಟ್ಟವನಿಗೆ ತನ್ನ ಟಿಕೆಟ್ಟಿನ ಬೆಲೆ ಒಂದು ಬಾಟಲಿ ಕೋಕ್‌ನಷ್ಟು ಅಂತ ಗೊತ್ತಾಗಿತ್ತು.

ಈ ಹಳೆ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣ ಇದೆ. ಅಮೆರಿಕದ ಕಾಲೇಜು ಕ್ರೀಡೆಯ ದುಡ್ಡಿನ ಲೆಕ್ಕ 2025ರಿಂದ ಪೂರ್ತಿ ಬದಲಾಗಿದೆ. ಟಿಕೆಟ್ ದರ ಏರಿಸುವ ಒತ್ತಡ ಹಿಂದೆಂದಿಗಿಂತ ಜಾಸ್ತಿ. ಎಲ್ಲಾ ತಂಡಗಳೂ ಗೆಲ್ಲುವುದಿಲ್ಲವಲ್ಲ, ಪ್ರತಿ ವರ್ಷ ಯಾವುದೋ ಹತ್ತಾರು ತಂಡಗಳು ಸೋಲುತ್ತಾ ಅರ್ಧ ಖಾಲಿ ಸ್ಟೇಡಿಯಂ ಮುಂದೆ ಆಡುತ್ತವೆ. ಆಗ ಕ್ರೀಡಾ ವಿಭಾಗದ ಆಫೀಸಿನಲ್ಲಿ ಏಳುವ ಪ್ರಶ್ನೆ ಒಂದೇ: ಉಳಿದ ಟಿಕೆಟ್ ಏನು ಮಾಡೋಣ? ಈ ಪ್ರಶ್ನೆಗೆ ಅವಸರದಲ್ಲಿ ಕೊಡುವ ಉತ್ತರ ಬಹಳ ಸಲ ತಪ್ಪಾಗಿರುತ್ತದೆ. ಯಾಕೆ ಅಂತ ನೋಡೋಣ.

ಮೊದಲು ಒಂದು ವಿಷಯ. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಒದೆಯುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ತಂಡ ಅಂದರೆ ನಮ್ಮಲ್ಲಿಯ ಇಂಟರ್ ಕಾಲೇಜ್ ಟೂರ್ನಿ ನೆನಪಿಸಿಕೊಳ್ಳಬೇಡಿ. ಮಿಷಿಗನ್ ಆಡುವುದು ಆನ್ ಆರ್ಬರ್ ಊರಿನ ಸ್ಟೇಡಿಯಂನಲ್ಲಿ, ಜನ ಅದನ್ನು ಬಿಗ್ ಹೌಸ್ ಅಂತ ಕರೆಯುತ್ತಾರೆ. 2014ರಲ್ಲಿ ಅಲ್ಲಿ ಸುಮಾರು 1 ಲಕ್ಷ 10 ಸಾವಿರ ಜನ ಕೂರಬಹುದಿತ್ತು. 1975ರ ನವೆಂಬರ್‌ನಿಂದ ಅಲ್ಲಿನ ಪ್ರತಿ ಪಂದ್ಯಕ್ಕೂ ಲಕ್ಷಕ್ಕಿಂತ ಹೆಚ್ಚು ಜನ ಅಂತ ದಾಖಲೆ ಇತ್ತು. ಆ ಲಕ್ಷದ ಸಂಖ್ಯೆ ಆ ಊರಿನವರಿಗೆ ದೊಡ್ಡ ಹೆಮ್ಮೆ. 2014ರಲ್ಲಿ ಅದು ಕೈತಪ್ಪುವ ಭಯ ಹುಟ್ಟಿತು.

ಭಯ ಸುಮ್ನೆ ಹುಟ್ಟಿದ್ದಲ್ಲ. 2013ರಲ್ಲಿ ತಂಡ 7 ಗೆದ್ದು 6 ಸೋತಿತ್ತು. 2014ರಲ್ಲಿ ಇನ್ನೂ ಕೆಳಗಿಳಿಯಿತು, 5 ಗೆಲುವು, 7 ಸೋಲು. ನೋಟ್ರ್ ಡೇಮ್ ಕೈಯಲ್ಲಿ 31-0 ಸೋಲು ಬೇರೆ. ಇದರ ಮೇಲೆ ವೇಳಾಪಟ್ಟಿಯೂ ಕೈಕೊಟ್ಟಿತು. ಜನ ಕಾದು ನೋಡುವ ಮೂರು ಎದುರಾಳಿಗಳಾದ ಒಹಾಯೊ ಸ್ಟೇಟ್, ಮಿಷಿಗನ್ ಸ್ಟೇಟ್ ಮತ್ತು ನೋಟ್ರ್ ಡೇಮ್ ವಿರುದ್ಧದ ಪಂದ್ಯಗಳೆಲ್ಲ ಆ ವರ್ಷ ಬೇರೆ ಊರಲ್ಲಿದ್ದವು. ಮನೆ ಅಂಗಳದಲ್ಲಿ ಉಳಿದದ್ದು ಮಯಾಮಿ (ಒಹಾಯೊ), ಇಂಡಿಯಾನ, ಮೇರಿಲ್ಯಾಂಡ್ ತರದ ಪಂದ್ಯಗಳು.

ಹಾಗಿದ್ದೂ ಟಿಕೆಟ್ ಬೆಲೆ ಮೇಲಕ್ಕೆ ಹೋಗಿತ್ತು. 2012ರಲ್ಲಿ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 200 ಡಾಲರ್ ಆಸುಪಾಸಿನಲ್ಲಿತ್ತು. 2013ಕ್ಕೆ ಅದು 280 ಆಯಿತು. ಅದೇ ವರ್ಷ ವಿದ್ಯಾರ್ಥಿಗಳ ಸೀಟಿನ ಪದ್ಧತಿಯನ್ನೂ ಬದಲಾಯಿಸಿದರು. ಅದಕ್ಕೆ ಮುಂಚೆ ಸೀನಿಯರ್‌ಗಳಿಗೆ ಒಳ್ಳೆ ಜಾಗ ಸಿಗುತ್ತಿತ್ತು, ನಾಲ್ಕು ವರ್ಷ ನಿಯತ್ತಾಗಿ ಬಂದದ್ದಕ್ಕೆ ಅದೊಂದು ಮರ್ಯಾದೆ. ಅದನ್ನು ತೆಗೆದು ಮೊದಲು ಬಂದವರಿಗೆ ಮೊದಲ ಸೀಟು ಅಂತ ಮಾಡಿದರು. ಹುಡುಗರು ಎಷ್ಟು ಸಿಟ್ಟಾದರು ಅಂದರೆ ಮುಂದಿನ ವರ್ಷ ಆ ಪದ್ಧತಿಯನ್ನು ಮತ್ತೆ ತಿದ್ದಬೇಕಾಯಿತು. ಆದರೆ ಬೆಲೆ ಮಾತ್ರ ಕೆಳಗಿಳಿಯಲಿಲ್ಲ. 2012ರಲ್ಲಿ 20 ಸಾವಿರ ದಾಟಿದ್ದ ವಿದ್ಯಾರ್ಥಿ ಸೀಸನ್ ಟಿಕೆಟ್ ಮಾರಾಟ 2014ರಲ್ಲಿ 12 ಸಾವಿರದ ಹತ್ತಿರಕ್ಕೆ ಬಿತ್ತು.

ಆಗ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥ, ಆಗಿದ್ದವರು ಡೇವ್ ಬ್ರಾಂಡನ್. 2010ರಲ್ಲಿ ಆ ಹುದ್ದೆಗೆ ಬರುವ ಮುಂಚೆ ಡಾಮಿನೋಸ್ ಪಿಜ್ಜಾ ಕಂಪನಿಯ ಸಿಇಒ ಆಗಿದ್ದರು. ಪಿಜ್ಜಾ ವ್ಯಾಪಾರದಲ್ಲಿ ಕೂಪನ್, ಕಾಂಬೊ, ಒಂದಕ್ಕೊಂದು ಫ್ರೀ, ಇದೆಲ್ಲ ದಿನನಿತ್ಯದ ಮಾತು. ಅಲ್ಲಿ ಅದು ಸರಿಯೂ ಹೌದು, ಯಾಕೆಂದರೆ ಕೂಪನ್ ಇಲ್ಲದೆ ಪಿಜ್ಜಾ ತಿಂದವನಿಗೆ ಪಕ್ಕದ ಮೇಜಿನವನು ಕೂಪನ್ ಹಾಕಿದ್ದು ಗೊತ್ತಾದರೂ ಅಂಥ ಬೇಸರ ಆಗುವುದಿಲ್ಲ, ಮುಂದಿನ ಸಲ ತಾನೂ ಹುಡುಕುತ್ತಾನೆ ಅಷ್ಟೇ. ಕಾಲೇಜು ತಂಡದ ಟಿಕೆಟ್ ಆ ತರದ ಸಾಮಾನಲ್ಲ.

ಇದನ್ನು ನಮ್ಮ ಮಾರ್ಕೆಟ್ಟಿನ ಸೊಪ್ಪಿನವರನ್ನು ಇಟ್ಟುಕೊಂಡು ಯೋಚಿಸಿದರೆ ಸುಲಭವಾಗಿ ಅರ್ಥ ಆಗುತ್ತದೆ. ಬೆಳಗ್ಗೆ ಇಪ್ಪತ್ತು ರೂಪಾಯಿಗೆ ಮಾರುವ ಕೊತ್ತಂಬರಿ ಕಟ್ಟನ್ನು ರಾತ್ರಿ ಎಂಟು ಗಂಟೆಗೆ ಐದು ರೂಪಾಯಿಗೆ ಕೊಡುತ್ತಾರೆ. ನಾಳೆ ಅದು ಕಸ. ಬಂದಷ್ಟು ಬಂತು. ಖಾಲಿ ಸೀಟೂ ಹಾಗೇ. ಶನಿವಾರ ಆಟ ಮುಗಿದ ಮೇಲೆ ಆ ಟಿಕೆಟ್‌ಗೆ ಕಾಗದದ ಬೆಲೆಯೂ ಇಲ್ಲ. ಇನ್ನೊಬ್ಬ ಬಂದು ಕೂತರೆ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಬಂದವನು ಪಾರ್ಕಿಂಗ್‌ಗೆ ದುಡ್ಡು ಕೊಡುತ್ತಾನೆ, ಹಾಟ್ ಡಾಗ್ ತಿನ್ನುತ್ತಾನೆ, ಟೀ ಶರ್ಟ್ ಕೊಳ್ಳುತ್ತಾನೆ. ಹಾಗಾಗಿ ಐದು ಡಾಲರ್‌ಗಾದರೂ ಸರಿ, ಪುಕ್ಕಟೆಯಾದರೂ ಸರಿ, ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಇಲ್ಲಿಯವರೆಗೆ ತರ್ಕ ಸರಿಯಾಗೇ ಇದೆ.

ಆದರೆ ಸೊಪ್ಪಿನ ವ್ಯಾಪಾರದಲ್ಲಿ ಬೆಳಗ್ಗೆ ಇಪ್ಪತ್ತು ಕೊಟ್ಟ ಅಮ್ಮನಿಗೆ ಅದಕ್ಕೆ ತಕ್ಕದ್ದು ಸಿಕ್ಕಿರುತ್ತದೆ. ಅವರ ಸೊಪ್ಪು ತಾಜಾ, ಮಧ್ಯಾಹ್ನದ ಸಾರಿಗೆ ಆಯಿತು. ರಾತ್ರಿ ಕೊಂಡವರಿಗೆ ಬಾಡಿದ ಸೊಪ್ಪು. ಬೆಲೆ ಬೇರೆ, ಸಿಕ್ಕಿದ್ದೂ ಬೇರೆ. ಸ್ಟೇಡಿಯಂನಲ್ಲಿ ಹಾಗಲ್ಲ. ಫೆಬ್ರವರಿಯಲ್ಲೇ ದುಡ್ಡು ಕಟ್ಟಿದವನೂ ಶುಕ್ರವಾರ ಸಂಜೆ ಆಫರ್‌ನಲ್ಲಿ ತಗೊಂಡವನೂ ನೋಡುವುದು ಅದೇ ಆಟ, ಅದೇ ಹೊತ್ತಿಗೆ, ಎಷ್ಟೋ ಸಲ ಅಕ್ಕಪಕ್ಕದ ಸೀಟಿನಲ್ಲೇ ಕೂತು. ತಂಡ ಗೆದ್ದೀತೋ ಸೋತೀತೋ ಅನ್ನುವ ಪೂರ್ತಿ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಂಡವನು ಮೊದಲನೆಯವನು. ಎರಡನೆಯವನು ಏನನ್ನೂ ಹೊತ್ತಿಲ್ಲ. ಆದರೂ ಅಗ್ಗದಲ್ಲಿ ಸಿಕ್ಕಿದ್ದು ಅವನಿಗೇ.

ಒಂದು ಸಣ್ಣ ಲೆಕ್ಕ ಹಾಕೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ, ಯಾವುದೇ ತಂಡದವಲ್ಲ. 60 ಸಾವಿರ ಜನ 400 ಡಾಲರ್ ಕೊಟ್ಟು ಸೀಸನ್ ಟಿಕೆಟ್ ತಗೊಂಡಿದ್ದಾರೆ ಅಂದುಕೊಳ್ಳಿ. ಈ ಶನಿವಾರ 5 ಸಾವಿರ ಸೀಟು ಖಾಲಿ. ಎಲ್ಲರಿಗೂ ಕಾಣುವ ಹಾಗೆ ಜಾಹೀರಾತು ಹಾಕಿ 10 ಡಾಲರ್‌ಗೆ ಮಾರಿದಿರಿ, ಪೂರ್ತಿ ಖರ್ಚಾಯಿತು. ಬಂದ ದುಡ್ಡು 50 ಸಾವಿರ ಡಾಲರ್. ಈಗ ಆ 60 ಸಾವಿರದಲ್ಲಿ ಎಷ್ಟು ಜನ ಬೇಸತ್ತು ಮುಂದಿನ ವರ್ಷ ಟಿಕೆಟ್ ಬಿಟ್ಟರೆ ಈ 50 ಸಾವಿರ ಕರಗುತ್ತದೆ? 125 ಜನ. ಸಾವಿರಕ್ಕೆ ಇಬ್ಬರು. ತಿಂಡಿ, ಪಾರ್ಕಿಂಗ್ ಎಲ್ಲ ಸೇರಿಸಿ ತಲೆಗೆ ಇನ್ನೂ 10 ಡಾಲರ್ ಬಂತು ಅಂದರೂ 250 ಜನ ಬಿಟ್ಟರೆ ಸಾಕು. ನೂರಕ್ಕೆ ಇಬ್ಬರು ಬಿಟ್ಟರೋ, ಹೋಗುವುದು 4 ಲಕ್ಷ 80 ಸಾವಿರ ಡಾಲರ್, ಅದೂ ಒಂದೇ ವರ್ಷಕ್ಕೆ. ಆಫೀಸಿನವರಿಗೆ ಈ ಶನಿವಾರದ 50 ಸಾವಿರ ಕಣ್ಣಿಗೆ ಕಾಣುತ್ತದೆ, ಮುಂದಿನ ಫೆಬ್ರವರಿಯಲ್ಲಿ ಬಾರದೇ ಹೋಗುವ ಚೆಕ್ಕುಗಳು ಕಾಣುವುದಿಲ್ಲ.

ಬಿಟ್ಟುಹೋಗುವವರು ಯಾರು ಅನ್ನುವುದೂ ಮುಖ್ಯ. ದೊಡ್ಡ ತಂಡಗಳಲ್ಲಿ ಒಳ್ಳೆ ಸೀಟು ಬೇಕಾದರೆ ಟಿಕೆಟ್ ಬೆಲೆ ಜೊತೆಗೆ ಪ್ರತಿ ವರ್ಷ ಒಂದು ದೇಣಿಗೆಯನ್ನೂ ಕೊಡಬೇಕು. ಮಿಷಿಗನ್ ಇದನ್ನು 2005ರಲ್ಲಿ ಶುರು ಮಾಡಿತು. ಮೊದಲು ಈ ದೇಣಿಗೆಯ ಶೇ. 80 ಭಾಗವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದಿತ್ತು. 2017ರ ತೆರಿಗೆ ಕಾನೂನು ಅದನ್ನು ತೆಗೆದುಹಾಕಿತು. ಈಗ ಆ ದೇಣಿಗೆ ಪೂರ್ತಿ ಕೈಯಿಂದಲೇ ಹೋಗುವ ದುಡ್ಡು. ಸೋಲುವ ವರ್ಷದಲ್ಲಿ ಅಂಥವರು ಮೊಬೈಲ್ ತೆಗೆದು, ಜನ ತಮ್ಮ ಟಿಕೆಟ್ ಮರುಮಾರಾಟ ಮಾಡುವ ಸ್ಟಬ್‌ಹಬ್ ತಾಣ ನೋಡುತ್ತಾರೆ. ತಮ್ಮ ಸಾಲಿನದೇ ಸೀಟು ಅರ್ಧ ಬೆಲೆಗೋ ಕಾಲು ಬೆಲೆಗೋ ಅಲ್ಲಿ ಬಿದ್ದಿರುತ್ತದೆ. ಮುಂಗಡ ಕೊಟ್ಟು ನಾನೇನು ಪಡೆದೆ ಅಂತ ಅವರು ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆ ಮೊದಲೇ ಇರುವಾಗ ವಿಶ್ವವಿದ್ಯಾಲಯವೇ ಬಂದು ಕೋಕ್ ಜೊತೆ ಟಿಕೆಟ್ ಹಂಚಿದರೆ ಏನಾಗುತ್ತದೆ, ನೀವೇ ಯೋಚಿಸಿ.

ರಿಯಾಯಿತಿಯ ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ಎರಡು ಸಲ ಕೊನೇ ವಾರದಲ್ಲಿ ಬೆಲೆ ಇಳಿಸಿದರೆ ಮೂರನೇ ಸಲ ಜನ ಕಾಯುತ್ತಾರೆ. ಆಷಾಢದಲ್ಲಿ ಸೀರೆ ಅಂಗಡಿಯವರು ಡಿಸ್ಕೌಂಟ್ ಹಾಕೇ ಹಾಕುತ್ತಾರೆ ಅಂತ ಗೊತ್ತಿದ್ದವರು ಜ್ಯೇಷ್ಠದಲ್ಲಿ ಯಾಕೆ ಕೊಳ್ಳುತ್ತಾರೆ? ಸೋಲುವ ತಂಡಕ್ಕೆ ಇದು ಇನ್ನೂ ಕಷ್ಟ. ಆಮೇಲೆ ಗೆಲ್ಲಲು ಶುರು ಮಾಡಿದರೂ ಜನರ ತಲೆಯಲ್ಲಿ ಕೂತ ಬೆಲೆ ಆ ಹತ್ತು ಡಾಲರ್ರೇ.

ಹಾಗಂತ ಬೆಲೆ ಇಳಿಸಲೇಬಾರದು, ಖಾಲಿ ಸೀಟು ಖಾಲಿಯೇ ಇರಲಿ ಅಂತ ನಾನು ಹೇಳುತ್ತಿಲ್ಲ. ಖಾಲಿ ಸ್ಟೇಡಿಯಂ ಕೂಡ ತಂಡಕ್ಕೆ ಹೊಡೆತವೇ. ಟಿವಿಯಲ್ಲಿ ನೋಡಿದವರಿಗೆ, ಅದರಲ್ಲೂ ಯಾವ ಕಾಲೇಜು ಸೇರಲಿ ಅಂತ ಯೋಚಿಸುತ್ತಿರುವ ಹೈಸ್ಕೂಲ್ ಆಟಗಾರರಿಗೆ, ಅದು ಕಣ್ಣಿಗೆ ಹೊಡೆಯುತ್ತದೆ. ಇದನ್ನು ಮುಚ್ಚಿಡಲು ಕಾಗದದ ಮೇಲಿನ ಸಂಖ್ಯೆ ಸಹಾಯ ಮಾಡುವುದಿಲ್ಲ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2018ರಲ್ಲಿ ವಿಶ್ವವಿದ್ಯಾಲಯಗಳ ಗೇಟಿನ ದಾಖಲೆ ತರಿಸಿ ನೋಡಿತ್ತು. 2017ರ ಸೀಸನ್‌ನಲ್ಲಿ ಗೇಟಿನಲ್ಲಿ ನಿಜವಾಗಿ ಸ್ಕ್ಯಾನ್ ಆದ ಟಿಕೆಟ್‌ಗಳು ಸರಾಸರಿಯಲ್ಲಿ ಘೋಷಿಸಿದ ಸಂಖ್ಯೆಯ ಸುಮಾರು ಶೇ. 71 ಮಾತ್ರ. ಅಂದರೆ ದುಡ್ಡು ಕೊಟ್ಟೋ ಪುಕ್ಕಟೆ ಪಡೆದೋ ಟಿಕೆಟ್ ಇಟ್ಟುಕೊಂಡವರಲ್ಲೇ ಎಷ್ಟೋ ಜನ ಬರುತ್ತಿಲ್ಲ.

ಇದರ ಇನ್ನೊಂದು ತುದಿ ನೋಡಬೇಕಾದರೆ ಆನ್ ಆರ್ಬರ್‌ನಿಂದ ಹೆಚ್ಚು ದೂರ ಹೋಗಬೇಕಿಲ್ಲ. ಪಕ್ಕದ ಊರು ಇಪ್ಸಿಲಾಂಟಿ. ಅಲ್ಲಿರುವುದು ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯ. 2009ರಲ್ಲಿ ಅವರ ತಂಡ ಆಡಿದ 12 ಪಂದ್ಯವನ್ನೂ ಸೋತಿತು. ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಸಿಎಎಯ ಆಗಿನ ನಿಯಮದ ಪ್ರಕಾರ ಮೇಲಿನ ದರ್ಜೆಯಲ್ಲಿ ಉಳಿಯಲು ಎರಡು ವರ್ಷಕ್ಕೊಮ್ಮೆಯಾದರೂ ಸರಾಸರಿ 15 ಸಾವಿರ ಪ್ರೇಕ್ಷಕರನ್ನು ತೋರಿಸಬೇಕಿತ್ತು, ಮಾರಿದ ಟಿಕೆಟ್ ಲೆಕ್ಕಕ್ಕೆ ಬರುತ್ತಿತ್ತು. ಅಷ್ಟು ಜನ ಎಲ್ಲಿಂದ ಬರಬೇಕು? ಪೆಪ್ಸಿ ಜೊತೆಗಿನ ಒಪ್ಪಂದದಿಂದ ಬಂದ ದುಡ್ಡಿನಲ್ಲಿ ವಿಶ್ವವಿದ್ಯಾಲಯ ತನ್ನದೇ ಟಿಕೆಟ್‌ಗಳನ್ನು 3 ಡಾಲರ್‌ಗೆ ಒಂದರಂತೆ ಸಾವಿರಾರು ಸಂಖ್ಯೆಯಲ್ಲಿ ಕೊಂಡುಕೊಂಡಿತು. ನಿಯಮ ಪಾಲನೆ ಆಯಿತು. ಸೀಟು ತುಂಬಲಿಲ್ಲ. ನನಗೆ ಇಲ್ಲಿ ಬೇಸರ ತರಿಸುವುದು ಆ ವಿಶ್ವವಿದ್ಯಾಲಯಕ್ಕಿಂತ ಆ ನಿಯಮ. ಜನರನ್ನು ಕರೆತರುವ ಕೆಲಸಕ್ಕೆ ಹೋಗಬೇಕಿದ್ದ ದುಡ್ಡು ಸಂಖ್ಯೆ ತುಂಬಿಸಲು ಹೋಯಿತು.

ಮತ್ತೆ ಆನ್ ಆರ್ಬರ್‌ಗೆ ಬರೋಣ. ಕೋಕ್ ಆಫರ್ ಬಂದ ವಾರದ ಮಿನೆಸೋಟ ಪಂದ್ಯವನ್ನೂ ಮಿಷಿಗನ್ 30-14ರಿಂದ ಸೋತಿತು. ತಲೆಗೆ ಪೆಟ್ಟು ಬಿದ್ದು ತೂರಾಡುತ್ತಿದ್ದ ಆಟಗಾರನನ್ನು ಮೈದಾನದಲ್ಲೇ ಬಿಟ್ಟದ್ದು, ಮತ್ತೆ ಆಡಲು ಕಳಿಸಿದ್ದು ದೇಶಕ್ಕೆಲ್ಲ ಸುದ್ದಿ ಆಯಿತು. ಸೆಪ್ಟೆಂಬರ್ 30ರಂದು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆ ಮುಂದೆ ಸೇರಿ ಬ್ರಾಂಡನ್ ಅವರನ್ನು ತೆಗೆಯಿರಿ ಅಂತ ಕೂಗಿದರು. ಅಕ್ಟೋಬರ್ 31ಕ್ಕೆ ಬ್ರಾಂಡನ್ ರಾಜೀನಾಮೆ ಕೊಟ್ಟರು. ಸಿಟ್ಟಿಗೆ ಟಿಕೆಟ್ ಒಂದೇ ಕಾರಣ ಆಗಿರಲಿಲ್ಲ, ಆ ಆಟಗಾರನ ವಿಷಯವೇ ಸಾಕಿತ್ತು. ಆದರೆ ಎರಡು ವರ್ಷದಿಂದ ಬೆಲೆಯ ವಿಷಯದಲ್ಲಿ ತಮ್ಮ ಮಾತು ಯಾರೂ ಕೇಳುತ್ತಿಲ್ಲ ಅಂತ ಅನ್ನಿಸಿದ್ದ ಹುಡುಗರೇ ಅಲ್ಲಿ ನಿಂತಿದ್ದರು.

ಬ್ರಾಂಡನ್ ಜಾಗಕ್ಕೆ ತಾತ್ಕಾಲಿಕವಾಗಿ ಬಂದವರು ಜಿಮ್ ಹ್ಯಾಕೆಟ್. ಇವರೂ ಕಂಪನಿ ನಡೆಸಿದವರೇ, ಸ್ಟೀಲ್‌ಕೇಸ್ ಅನ್ನುವ ಆಫೀಸ್ ಪೀಠೋಪಕರಣ ಕಂಪನಿಯ ಸಿಇಒ ಆಗಿದ್ದರು, ಮುಂದೆ ಫೋರ್ಡ್ ಕಂಪನಿಗೂ ಸಿಇಒ ಆದರು. ಬ್ರಾಂಡನ್ ಮತ್ತು ಹ್ಯಾಕೆಟ್ ಇಬ್ಬರೂ ಎಪ್ಪತ್ತರ ದಶಕದಲ್ಲಿ ಒಬ್ಬನೇ ಕೋಚ್, ಬೊ ಶೆಂಬೆಕ್ಲರ್, ಕೈಕೆಳಗೆ ಇದೇ ತಂಡದಲ್ಲಿದ್ದವರು. ಹಾಗಾಗಿ ವ್ಯಾಪಾರದವರು ಬಂದು ಕ್ರೀಡೆ ಕೆಡಿಸಿದರು ಅನ್ನುವ ಸುಲಭದ ಮಾತು ಇಲ್ಲಿ ನಿಲ್ಲುವುದಿಲ್ಲ. ಹ್ಯಾಕೆಟ್ 2015ರ ಸೀಸನ್‌ಗೆ ವಿದ್ಯಾರ್ಥಿ ಟಿಕೆಟ್ ಬೆಲೆಯನ್ನು 280ರಿಂದ 175 ಡಾಲರ್‌ಗೆ ಇಳಿಸಿದರು. ಏಳು ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ 25 ಡಾಲರ್. ಆ ವರ್ಷ ಒಹಾಯೊ ಸ್ಟೇಟ್, ಮಿಷಿಗನ್ ಸ್ಟೇಟ್ ಎರಡೂ ಪಂದ್ಯ ಮನೆಯಲ್ಲೇ ಇದ್ದವು. ಬೆಲೆ ಏರಿಸಲು ನೆಪ ಬೇಕಾದಷ್ಟಿತ್ತು. ಆದರೂ ಇಳಿಸಿದರು.

2015ರಲ್ಲಿ ಜನ ವಾಪಸ್ ಬಂದರು. ಅದೆಲ್ಲ ಬೆಲೆ ಇಳಿಸಿದ್ದರಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. 2014ರ ಡಿಸೆಂಬರ್ ಕೊನೆಯಲ್ಲಿ ಜಿಮ್ ಹಾರ್ಬಾ ಕೋಚ್ ಆಗಿ ಬಂದರು, ಮೊದಲ ವರ್ಷವೇ ತಂಡ 10 ಪಂದ್ಯ ಗೆದ್ದಿತು. ಬೆಲೆ ಎಷ್ಟು ಕೆಲಸ ಮಾಡಿತು, ಗೆಲುವು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ ಎರಡು ರಿಯಾಯಿತಿಗಳ ವ್ಯತ್ಯಾಸ ನೋಡಿ. ಕೋಕ್ ಜೊತೆ ಬಂದ ರಿಯಾಯಿತಿ ಒಂದು ಪಂದ್ಯಕ್ಕೆ ಸೀಮಿತ, ದುಡ್ಡು ಕಟ್ಟದೇ ಇದ್ದವರಿಗೆ, ಸದ್ದಿಲ್ಲದೆ ಬಂತು. ಹ್ಯಾಕೆಟ್ ಇಳಿಸಿದ ಬೆಲೆ ಇಡೀ ಸೀಸನ್‌ಗೆ, ಪ್ರತಿ ವಿದ್ಯಾರ್ಥಿಗೆ, ದುಡ್ಡು ಕಟ್ಟುವ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಯಾರೂ ಮೋಸಹೋದೆ ಅಂದುಕೊಳ್ಳಬೇಕಾದ ಪರಿಸ್ಥಿತಿ ಬರಲಿಲ್ಲ.

ನನ್ನ ಪ್ರಕಾರ ಸೋಲುವ ತಂಡದ ಆಫೀಸಿನವರು ಹಿಡಿದುಕೊಳ್ಳಬೇಕಾದ ಎಳೆ ಇದು. ರಿಯಾಯಿತಿಯ ಮೊದಲ ತುತ್ತು ಮುಂಚೆ ದುಡ್ಡು ಕೊಟ್ಟವರಿಗೆ ಹೋಗಬೇಕು. ಅವರು ಬೇಡ ಅಂದ ಮೇಲೆ ಉಳಿದವರಿಗೆ. ಖಾಲಿ ಇರುವ 5 ಸಾವಿರ ಸೀಟನ್ನು ಪೇಟೆಗೆ ತರುವ ಮುಂಚೆ ಸೀಸನ್ ಟಿಕೆಟ್ ಇರುವವರಿಗೆ ಕೊಡಿ. ನಿಮ್ಮ ಅಣ್ಣನನ್ನೋ ಪಕ್ಕದ ಮನೆ ಹುಡುಗರನ್ನೋ ಕರೆದುಕೊಂಡು ಬನ್ನಿ, ಎರಡು ಟಿಕೆಟ್ ನಮ್ಮ ಕಡೆಯಿಂದ ಅನ್ನಿ. ಸೀಟೂ ತುಂಬುತ್ತದೆ, ನಿಯತ್ತಿನವನಿಗೆ ನಾಲ್ಕು ಜನರ ಮುಂದೆ ಮರ್ಯಾದೆಯೂ ಸಿಗುತ್ತದೆ, ಬಂದ ಆ ಹುಡುಗ ನಾಳೆ ಗಿರಾಕಿಯೂ ಆಗಬಹುದು. ಹೊರಗಿನವರಿಗೆ ಕೊಡುವುದಾದರೆ ಬೆಲೆಯ ಚೀಟಿ ಮುಟ್ಟದೆ ಕೊಡಲು ದಾರಿಗಳಿವೆ. ನಾಲ್ಕು ಟಿಕೆಟ್, ನಾಲ್ಕು ಹಾಟ್ ಡಾಗ್, ನಾಲ್ಕು ಡ್ರಿಂಕ್ ಸೇರಿಸಿ ಒಂದು ಫ್ಯಾಮಿಲಿ ಪ್ಯಾಕ್ ಮಾಡಿದರೆ ಒಂದು ಟಿಕೆಟ್ಟಿನ ಬೆಲೆ ಎಷ್ಟು ಅಂತ ಯಾರೂ ಬಿಡಿಸಿ ನೋಡುವುದಿಲ್ಲ. ಊರಿನ ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ನರ್ಸ್‌ಗಳಿಗೆ ಕೊಟ್ಟರೆ 400 ಡಾಲರ್ ಕೊಟ್ಟವನೂ ಬೇಸರ ಮಾಡಿಕೊಳ್ಳುವುದಿಲ್ಲ. ಯಾಕೆ ಕೊಟ್ಟರು ಅಂತ ಅವನಿಗೆ ಅರ್ಥ ಆಗುತ್ತದೆ.

ಬಿಡಿ ಟಿಕೆಟ್‌ಗೆ ಬೇಡಿಕೆ ನೋಡಿ ದಿನದಿನಕ್ಕೆ ಬೆಲೆ ಬದಲಿಸುವ ಪದ್ಧತಿ ಈಗ ಎಲ್ಲ ಕಡೆ ಇದೆ, ವಿಮಾನದ ಟಿಕೆಟ್ ತರ. ಅದನ್ನು ಬೇಕಾದರೆ ಮಾಡಲಿ. ಆದರೆ ಕೆಳಗೆ ಒಂದು ಗೆರೆ ಇರಬೇಕು: ಸೀಸನ್ ಟಿಕೆಟ್‌ನವನು ಪಂದ್ಯವೊಂದಕ್ಕೆ ಕೊಟ್ಟದ್ದಕ್ಕಿಂತ ಕಡಿಮೆಗೆ ವಿಶ್ವವಿದ್ಯಾಲಯ ತಾನಾಗಿ ಮಾರಬಾರದು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಹೋಗಿದೆ, ಗೆರೆ ಹಾಕಿಕೊಂಡರೆ ಸೀಟು ಹೋಗುವುದಿಲ್ಲ ಅಂತಾದರೆ, ಸೀಸನ್ ಟಿಕೆಟ್ಟಿನ ಬೆಲೆಯೇ ತಪ್ಪಾಗಿದೆ ಅಂತ ಅರ್ಥ. ಅದನ್ನು ಮುಂದಿನ ವರ್ಷ ಇಳಿಸಿ, ಈ ವರ್ಷ ಕಟ್ಟಿದವರಿಗೆ ವ್ಯತ್ಯಾಸವನ್ನು ಮುಂದಿನ ವರ್ಷದ ಬಿಲ್ಲಿನಲ್ಲಿ ಕಳೆಯಿರಿ. ಈ ಕಳೆಯುವ ಕೆಲಸಕ್ಕೆ ದುಡ್ಡು ಹೋಗುತ್ತದೆ, ನಿಜ. ಹೊರಗಿನವರಿಗೆ ಆಫರ್ ಕೊಡುವಾಗಲೂ ಹೋಗುತ್ತಿತ್ತಲ್ಲ?

ವಿದ್ಯಾರ್ಥಿಗಳದ್ದು ಪೂರ್ತಿ ಬೇರೆ ಲೆಕ್ಕ. 20 ವರ್ಷದ ಹುಡುಗಿ ಕೊಡುವ 40 ಡಾಲರ್ ಆ ವಿಭಾಗದ ಬಜೆಟ್‌ನಲ್ಲಿ ಏನೇನೂ ಅಲ್ಲ. ಆದರೆ ಅವಳು ಆ ನಾಲ್ಕು ವರ್ಷ ಶನಿವಾರ ಸ್ಟೇಡಿಯಂಗೆ ಹೋಗುವುದನ್ನು ರೂಢಿ ಮಾಡಿಕೊಂಡರೆ ಮುಂದಿನ ನಲವತ್ತು ವರ್ಷ ಟಿಕೆಟ್ ಕೊಳ್ಳುವವಳು, ದೇಣಿಗೆ ಕೊಡುವವಳು, ಮಕ್ಕಳನ್ನು ಕರೆತರುವವಳು ಅವಳೇ. ಸ್ಟೇಡಿಯಂನಲ್ಲಿ ಗದ್ದಲ ಎಬ್ಬಿಸುವವರೂ ಅವರೇ, ಆ ಗದ್ದಲ ಕೇಳಲೆಂದೇ ದೊಡ್ಡವರು ದೊಡ್ಡ ದುಡ್ಡು ಕೊಟ್ಟು ಬರುವುದು. ಎಂಎಸ್ ಮಾಡಲು ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರನ್ನೂ ಇಲ್ಲಿ ನೆನೆಯಬೇಕು. ಆಟದ ನಿಯಮವೇ ಗೊತ್ತಿಲ್ಲದ ಮಕ್ಕಳು, ಒಂದೊಂದು ಡಾಲರ್ ಅನ್ನೂ ರೂಪಾಯಿಗೆ ಗುಣಿಸಿ ನೋಡುವವರು. 280 ಡಾಲರ್ ಅಂದರೆ ಆ ಕಡೆ ತಲೆಯೇ ಹಾಕುವುದಿಲ್ಲ. ಒಂದು ಪಂದ್ಯ ಅಗ್ಗಕ್ಕೆ ಸಿಕ್ಕಿ ಹೋಗಿ ಕೂತರೆ ಅದು ತಮ್ಮ ಊರು ಅಂತ ಅವರಿಗೆ ಅನ್ನಿಸಲು ಶುರು ಆಗಬಹುದು. ಸೋಲುವ ವರ್ಷದಲ್ಲಿ ಇಂಥವರಿಗೆ ಬಾಗಿಲು ತೆರೆಯುವುದಕ್ಕಿಂತ ಒಳ್ಳೆ ಕೆಲಸ ಖಾಲಿ ಸೀಟಿಗೆ ಇಲ್ಲ.

ಈಗ ಇದೆಲ್ಲ ಕಷ್ಟ ಆಗಿರುವುದು ಯಾಕೆ ಅಂದರೆ, 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. 2025-26ಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆಟಗಾರರಿಗೆ ಈ ದುಡ್ಡು ಸಿಗಬೇಕಾದದ್ದೇ, ಅವರ ಬೆವರಿನ ಮೇಲೆ ಇಷ್ಟು ವರ್ಷ ಬೇರೆಯವರು ಬೆಳೆದರು. ಆದರೆ ದುಡ್ಡು ಎಲ್ಲಿಂದಲಾದರೂ ಬರಬೇಕಲ್ಲ. ಟೆನ್ನೆಸ್ಸಿ ವಿಶ್ವವಿದ್ಯಾಲಯ 2024ರ ಸೆಪ್ಟೆಂಬರ್‌ನಲ್ಲೇ, ಕೋರ್ಟ್ ತೀರ್ಪಿಗೂ ಮುಂಚೆ, 2025ರ ಫುಟ್‌ಬಾಲ್ ಟಿಕೆಟ್‌ಗೆ ಶೇ. 10 ಟ್ಯಾಲೆಂಟ್ ಫೀ ಹಾಕುತ್ತೇವೆ ಅಂತ ಹೇಳಿತು. ಅದರ ಜೊತೆ ಮೂಲ ಬೆಲೆಯೂ ಸರಾಸರಿ ಶೇ. 4.5 ಏರಿತು.

ಟೆನ್ನೆಸ್ಸಿಗೆ ಇದು ನಡೆಯುತ್ತದೆ. 2024ರ ಸೀಸನ್‌ನಲ್ಲಿ ಅವರು 10 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋದರು. ಬೆಲೆ ಏರುವ ಮುಂಚೆಯೇ, ಏರಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಹೆಸರಿಟ್ಟು ಹೇಳಿದರು, ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಇಂಥ ಫೀ ಬಿಲ್ಲಿನಲ್ಲಿ ಅಚ್ಚಾದ ಮೇಲೆ ತಂಡ ನಾಲ್ಕು ಪಂದ್ಯ ಸತತ ಸೋತರೆ ಏನು ಮಾಡುತ್ತೀರಿ? ಟ್ಯಾಲೆಂಟ್ ಫೀ ಕೊಟ್ಟವನಿಗೆ ಸೋಲಿನ ವರ್ಷದಲ್ಲಿ ಏನಾದರೂ ವಾಪಸ್ ಬರುತ್ತದೆಯಾ, ಅಥವಾ ಅದೇ ಹೊತ್ತಿಗೆ ಹೊರಗಿನವನಿಗೆ ಹತ್ತು ಡಾಲರ್ ಆಫರ್ ಬರುತ್ತದೆಯಾ? ಇಂಥ ಫೀ ಹಾಕಲು ಹೊರಟಿರುವ ಪ್ರತಿ ಕ್ರೀಡಾ ವಿಭಾಗವೂ ಇದಕ್ಕೆ ಉತ್ತರವನ್ನು ನವೀಕರಣದ ಪತ್ರದಲ್ಲೇ ಬರೆದು ಕಳಿಸಬೇಕು, ಜನ ಇನ್ನೂ ದುಡ್ಡು ಕಟ್ಟದೇ ಇರುವ ಫೆಬ್ರವರಿಯಲ್ಲಿ.